ಕ್ವಿಂಟಾಲ್ ತಿಂದ ರಂಗೋಲಿ

"ಅಲ್ಲಾಡಬ್ಯಾಡ ಕ್ವಿಂಟಾಲ್! ಒಂದೇ ನಿಮಿಷ!"

ಕ್ವಿಂಟಾಲ್ ಕೇಳಲಿಲ್ಲ. ತೂಕದ ಕಾಟಾದ ಸ್ಟೀಲ್ ತಟ್ಟೆಯ ಮೇಲೆ ನಾಲ್ಕೂ ಕಾಲು ಬಡಿಯುತ್ತಾ ಅಂಚಿನವರೆಗೂ ಹೋಯಿತು. ಕಾಟಾದ ಕೆಂಪು ಅಂಕಿಗಳು ಮೇಲೆ ಕೆಳಗೆ ಕುಣಿದವು. ಭುವನಾ ಉಸಿರು ಬಿಗಿಹಿಡಿದಳು. ಅಂಚಿಗೆ ಬಂದ ಕ್ವಿಂಟಾಲ್, ಮುಂದೇನು ಎಂದು ಯೋಚಿಸಲು ನಿಂತಿತು. ಅಷ್ಟೇ ಸಾಕಿತ್ತು.

"ನಾಕನೂರಾ ಎಂಟು ಗ್ರಾಮ್!"

"ಹೋದ ಐತ್ವಾರ ಎಷ್ಟಿದ್ದ?" ಪಡಸಾಲೆಯಿಂದ ಮರಿಬಸಪ್ಪ ತಾತ ಕೇಳಿದ.

"ಹೋದ ಐತ್ವಾರನೂ ನಾಕನೂರಾ ಎಂಟ."

"ಅದರ ಹಿಂದಿನ ಐತ್ವಾರ?"

ಭುವನಾ ಕಾಟಾದ ಅಂಕಿಯನ್ನೇ ಇನ್ನೊಮ್ಮೆ ನೋಡಿದಳು. ಅವತ್ತೂ ಅಷ್ಟೇ ಇತ್ತು.

"ಹೆಸರು ಕ್ವಿಂಟಾಲ್, ತೂಕ ಅರ್ಧ ಕೇಜಿನೂ ಇಲ್ಲ!" ಹತ್ತಿ ವ್ಯಾಪಾರದ ತಾತ ಸ್ಯಾಂಪಲ್ ಹತ್ತಿ ಬಿಡಿಸುತ್ತಾ ನಕ್ಕ. "ಮಾರ್ಕೆಟ್ ಯಾರ್ಡಿನಾಗ ಇಂಥಾ ಮೋಸ ಮಾಡಿದ್ರ ರೈತರು ಅಂಗಿ ಹಿಡೀತಾರ."

ಹೆಸರಿಟ್ಟವನು ತಾತನೇ. ಆಮೆ ಮನೆಗೆ ಬಂದ ದಿನ ಅದನ್ನು ಅಂಗೈಯಲ್ಲಿ ಎತ್ತಿಕೊಂಡು, ಸೊಂಟ ಹಿಡಿದವನ ಹಾಗೆ ನಾಟಕ ಮಾಡಿ, "ಯಪ್ಪಾ, ಒಂದು ಕ್ವಿಂಟಾಲ್ ಐತಿ!" ಎಂದಿದ್ದ. ಹೆಸರು ಅಂಟಿಕೊಂಡಿತು.

ಕ್ವಿಂಟಾಲ್ ಒಂದು ನಕ್ಷತ್ರ ಆಮೆ. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳ ನಕ್ಷತ್ರಗಳು. ಯಾರೋ ಅಂಗಡಿಯವರು ಅದೃಷ್ಟ ಬರಲಿ ಎಂದು ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಬರೀ ಬಿಸ್ಕತ್ತು, ಬ್ರೆಡ್ಡು ಹಾಕಿ ಸಾಕಿದ್ದರು. ಬಿಸಿಲೇ ತೋರಿಸಿರಲಿಲ್ಲ. ಈ ಆಮೆಗಳನ್ನು ಮನೆಯಲ್ಲಿ ಸಾಕುವುದೇ ಕಾನೂನಿನ ಪ್ರಕಾರ ತಪ್ಪು. ಅರಣ್ಯ ಇಲಾಖೆಯವರು ಬಿಡಿಸಿ ತಂದು, ಕಾಗದ ಬರೆದು, ಪಶು ಆಸ್ಪತ್ರೆಯ ಡಾಕ್ಟರ್ ರಾಮಲಕ್ಷ್ಮಿಗೆ ಒಪ್ಪಿಸಿದರು. ಚಿಪ್ಪು ಗಟ್ಟಿಯಾದ ಮೇಲೆ ಅವರೇ ಬಂದು ಹುಲ್ಲುಗಾವಲಿಗೆ ಕರೆದೊಯ್ಯುತ್ತಾರೆ.

ಡಾಕ್ಟರಕ್ಕ ಬಾಡಿಗೆಗೆ ಇದ್ದದ್ದು ಭುವನಾಳ ಮನೆಯ ಮಹಡಿಯಲ್ಲಿ. ಮಹಡಿಯಲ್ಲಿ ಮಣ್ಣಿಲ್ಲ, ಹುಲ್ಲಿಲ್ಲ. ಎರಡೂ ಭುವನಾಳ ಹಿತ್ತಲಲ್ಲಿ ಇದ್ದವು. ಹೀಗಾಗಿ ಕ್ವಿಂಟಾಲ್ ಹಿತ್ತಲಿಗೆ ಬಂತು.

ಬಂದಾಗ ಅದರ ಚಿಪ್ಪು ನೋಡಿ ಭುವನಾಳಿಗೆ ನಗು ಬಂದಿತ್ತು. ಬೆನ್ನ ತುಂಬ ಪುಟ್ಟ ಪುಟ್ಟ ಇಡ್ಲಿಗಳನ್ನು ಬೋರಲು ಹಾಕಿದ ಹಾಗೆ ಉಬ್ಬುಗಳು.

"ಈ ಜಾತಿಗೆ ಒಂಚೂರು ಉಬ್ಬು ಇರ್ತದೆ. ಇಷ್ಟೊಂದಲ್ಲ," ಎಂದಿದ್ದಳು ಡಾಕ್ಟರಕ್ಕ. ಆಮೇಲೆ ಭುವನಾಳ ಬೆರಳು ಹಿಡಿದು ಕ್ವಿಂಟಾಲ್‌ನ ಹೊಟ್ಟೆಯ ಮೇಲಿಟ್ಟಿದ್ದಳು. "ಮೆಲ್ಲಗೆ ಒತ್ತು."

ಹೊಟ್ಟೆಯ ಚಿಪ್ಪು ನೆನೆದ ರಟ್ಟಿನ ಹಾಗೆ ಒಳಗೆ ಹೋಯಿತು. ಭುವನಾಳ ನಗು ನಿಂತಿತು.

"ಇದು ಗಟ್ಟಿ ಆಗಬೇಕು. ಆಗಲಿಲ್ಲಾಂದ್ರೆ..." ಡಾಕ್ಟರಕ್ಕ ಕ್ವಿಂಟಾಲ್‌ನ ತಲೆ ಸವರಿದ್ದಳು.

ಆವತ್ತಿನಿಂದ ಮನೆಯವರೆಲ್ಲ ಡಾಕ್ಟರುಗಳಾಗಿಬಿಟ್ಟರು.

ತಾತನ ಪ್ರಕಾರ ಲೋಕದ ಎಲ್ಲ ಕಷ್ಟಕ್ಕೂ ಹತ್ತಿಯೇ ಮದ್ದು. ರಟ್ಟಿನ ಡಬ್ಬದಲ್ಲಿ ಒಳ್ಳೆಯ ಹತ್ತಿ ತುಂಬಿ ಕ್ವಿಂಟಾಲ್‌ಗೆ ಹಾಸಿಗೆ ಮಾಡಿದ. ಬೆಳಿಗ್ಗೆ ನೋಡಿದರೆ ಕ್ವಿಂಟಾಲ್‌ಗೆ ಬಿಳಿ ಮೀಸೆ, ಬಿಳಿ ಗಡ್ಡ, ಎರಡೂ ಬಂದಿದ್ದವು. ಅದು ಸಾಲದೆಂದು ತಾತ ಹತ್ತಿಹಿಂಡಿ ನೆನೆಸಿ ತಿನ್ನಿಸಿದ.

"ತಾತಾ, ಅದು ಎಮ್ಮೆ ಕಾದು, ಎಮ್ಮೆ ಅಲ್ಲ!" ಡಾಕ್ಟರಕ್ಕ ಮಹಡಿಯಿಂದಲೇ ತನ್ನ ತೆಲುಗು ಬೆರೆಸಿ ಚೀರಿದಳು. "ಹಿಂಡಿ ತಿಂದ್ರೆ ಉಬ್ಬು ಇನ್ನೂ ಏಳ್ತಾವೆ!"

"ನಮ್ಮ ಎಮ್ಮಿ ಹಿಂಡಿ ತಿಂದು ಎಂಟು ಲೀಟರ್ ಹಾಲು ಕೊಡ್ತಿತ್ತವ್ವಾ."

"ಇದು ಹಾಲು ಕೊಡೋದು ಬೇಡ, ತಾತಾ!"

ಗುರುಲಿಂಗಮ್ಮ ಅಜ್ಜಿಯ ವೈದ್ಯವೇ ಬೇರೆ. ದಿನಾ ಬೆಳಿಗ್ಗೆ ಕ್ವಿಂಟಾಲ್‌ನ ಬೆನ್ನಿಗೆ ಕೊಬ್ಬರಿ ಎಣ್ಣೆ ತಿಕ್ಕಿ, ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದಳು. ಉಬ್ಬುಗಳ ಮೇಲೆ ಗೆರೆ ಅಂಕುಡೊಂಕಾಗಿ ಹೋಗುತ್ತಿತ್ತು. ಡಾಕ್ಟರಕ್ಕ ಎಣ್ಣೆ ಬಿಡಿಸಿದಳು. ವಿಭೂತಿ ಬಿಡಿಸುವ ಧೈರ್ಯ ಅವಳಿಗೂ ಆಗಲಿಲ್ಲ.

ಕೊನೆಗೆ ಎಲ್ಲರೂ ದಾರಿಗೆ ಬಂದರು. ಬೆಳಿಗ್ಗೆ ಬಿಸಿಲು. ಅಗಲ ತಟ್ಟೆಯಲ್ಲಿ ಬೆರಳುದ್ದವೂ ಇಲ್ಲದಷ್ಟು ನೀರಿನಲ್ಲಿ ಸ್ನಾನ. ತಿನ್ನಲು ಗರಿಕೆ, ದಾಸವಾಳ, ಮತ್ತೆ ಭುವನಾಳ ಗೆಳತಿ ನಾಗಜ್ಯೋತಿ ತರುತ್ತಿದ್ದ ನಾನಾ ಸೊಪ್ಪು. ನಾಗಜ್ಯೋತಿಯ ಅಪ್ಪ ಕುರಿ ಕಾಯುತ್ತಿದ್ದ. ಯಾವ ಗಿಡ ತಿಂದರೆ ಹೊಟ್ಟೆ ಉಬ್ಬುತ್ತದೆ, ಯಾವುದು ತಿಂದರೆ ಇಲ್ಲ ಎಂದು ಅವಳಿಗೆ ಟೇಬಲ್ಸ್‌ಗಿಂತ ಚೆನ್ನಾಗಿ ಬಾಯಿಪಾಠ ಬರುತ್ತಿತ್ತು.

ಎಲ್ಲ ಸರಿ. ಆದರೆ ಒಂದು ಮಾತ್ರ ನಡೆಯಲಿಲ್ಲ. ಚಿಪ್ಪಿಗೆ ಕ್ಯಾಲ್ಸಿಯಂ ಬೇಕು. ಡಾಕ್ಟರಕ್ಕ ಕೊಟ್ಟ ಪುಡಿಯನ್ನು ಸೊಪ್ಪಿನ ಮೇಲೆ ಉದುರಿಸಿದರೆ ಕ್ವಿಂಟಾಲ್ ಮೂಸುತ್ತಿತ್ತು, ಭುವನಾಳ ಮುಖ ನೋಡುತ್ತಿತ್ತು, ನಿಧಾನವಾಗಿ ತಿರುಗಿ ಬಾಲ ತೋರಿಸುತ್ತಿತ್ತು. ಆಸ್ಪತ್ರೆಗೆ ಒಯ್ದರೆ ಅಲ್ಲಿ ನಾಯಿಗಳ ಬೊಗಳಾಟಕ್ಕೆ ತಲೆ ಒಳಗೆಳೆದುಕೊಂಡು ಸಂಜೆಯವರೆಗೂ ಹೊರಗೆ ಬರುತ್ತಿರಲಿಲ್ಲ.

ಅದಕ್ಕೇ ಮೂರು ಭಾನುವಾರ ನಾಲ್ಕುನೂರಾ ಎಂಟು.

"ಒಂದು ದಾರಿ ಉಂದಿ," ಡಾಕ್ಟರಕ್ಕ ಮೆಟ್ಟಿಲ ಮೇಲೆ ಕೂತು, ಅಡುಗೆಮನೆಯ ಕಡೆ ನೋಡುತ್ತಾ ದನಿ ತಗ್ಗಿಸಿದಳು. "ಕೋಡಿಗುಡ್ಡು, ಅಂದ್ರೆ ಕೋಳಿಮೊಟ್ಟೆ ಸಿಪ್ಪೆ. ತೊಳೆದು, ಒಣಗಿಸಿ, ಪುಡಿ ಮಾಡಿ ಇಟ್ಟರೆ ಆಮೆಗಳು ತಾವಾಗೇ ತಿಂತಾವೆ."

ದನಿ ತಗ್ಗಿಸಿ ಪ್ರಯೋಜನವಾಗಲಿಲ್ಲ. ಅಜ್ಜಿ ಸೌಟು ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು.

"ಡಾಕ್ಟರಮ್ಮಾ, ಬಾಡಿಗಿ ಮಾತಾಡಿದ ದಿನ ನಾ ಏನ ಹೇಳಿದ್ದೆ?"

"ಮನೆಗೆ ತತ್ತಿ ತರಬಾರದು ಅಂದಿದ್ರಿ, ಅಜ್ಜಿ."

"ನೀ ಏನ ಅಂದಿ?"

"ಸರಿ ಅಂದೆ."

"ಹಂಗಿದ್ರ ಮುಗೀತು."

"ಅಜ್ಜಿ, ಬರೀ ಸಿಪ್ಪಿ!" ಎಂದಳು ಭುವನಾ.

"ಸಿಪ್ಪಿ ಏನು ಗಿಡದಾಗ ಬಿಡ್ತತೇನು? ನಮ್ಮ ಮನ್ಯಾಗ ಇವತ್ತಿನ ತನಕ ಅದರ ಹೆಸರೂ ಎತ್ತಿಲ್ಲ. ಅವನ ಚಿಪ್ಪು ಸರಿ ಆಗ್ಲಿ ಅಂತ ನಾ ದಿನಾ ಬಸವಣ್ಣಗ ಬೇಡಿಕೊಳ್ಳಾಕತ್ತೀನಿ. ಅದು ಸಾಕು."

"ಕರ್ನೂಲಿಂದ ಬೇರೆ ಔಷಧಿ ತರಿಸ್ತೀನಿ ಬಿಡು," ಡಾಕ್ಟರಕ್ಕ ಎದ್ದಳು. "ಇಪ್ಪತ್ತು ದಿನ ಆಗಬಹುದು."

ಭುವನಾ ಕ್ವಿಂಟಾಲ್‌ನ ಹೊಟ್ಟೆ ಮುಟ್ಟಿ ನೋಡಿದಳು. ಇನ್ನೂ ನೆನೆದ ರಟ್ಟೇ. ಇಪ್ಪತ್ತು ದಿನ?

* * *

"ನಿನಗ ತಲಿ ಐತೇನು?" ಮರುದಿನ ಶಾಲೆಯಲ್ಲಿ ನಾಗಜ್ಯೋತಿ ಕೇಳಿದಳು. "ನಮ್ಮ ಸಾಲ್ಯಾಗ ದಿನಾ ಎಷ್ಟು ತತ್ತಿ ಸಿಪ್ಪಿ ಕಸದ ಬುಟ್ಟಿಗೆ ಬೀಳ್ತಾವ?"

ಭುವನಾ ಕಣ್ಣರಳಿಸಿದಳು. ಮಧ್ಯಾಹ್ನದ ಊಟದಲ್ಲಿ ಎಲ್ಲರಿಗೂ ಒಂದೊಂದು ಬೇಯಿಸಿದ ಮೊಟ್ಟೆ. ಭುವನಾ ತಿನ್ನದವರ ಸಾಲಿನಲ್ಲಿ ಕೂರುತ್ತಿದ್ದಳು. ಆ ಕಡೆಯ ಸಾಲಿನ ಕಸದ ಬುಟ್ಟಿಯನ್ನು ಅವಳು ಯಾವತ್ತೂ ಇಣುಕಿ ನೋಡಿರಲಿಲ್ಲ.

ಊಟದ ಬೆಲ್ ಹೊಡೆಯುವಷ್ಟರಲ್ಲಿ ಸುದ್ದಿ ಐದನೇ ಕ್ಲಾಸಿಗೆಲ್ಲ ಮುಟ್ಟಿತ್ತು. ಕ್ವಿಂಟಾಲ್‌ಗೆ ಸಿಪ್ಪಿ ಬೇಕಂತೆ! ಆಮೆ ನಮ್ಮ ಸಿಪ್ಪಿ ತಿಂತತಂತೆ! ಅದರ ಬೆನ್ನ ಮೇಲೆ ಇಡ್ಲಿ ಐತಂತೆ!

"ಯಾರ ಸಿಪ್ಪಿ ದೊಡ್ಡದು ಬರ್ತತೋ ಅವರಿಗೆ ಕ್ವಿಂಟಾಲ್ ನೋಡಾಕ ಫಸ್ಟ್ ಚಾನ್ಸ್!" ಎಂದು ನಾಗಜ್ಯೋತಿ ಸಾರಿದಳು.

ಮಕ್ಕಳು ಹಲ್ಲು ಕಚ್ಚಿ, ನಾಲಗೆ ಹೊರಚಾಚಿ, ಉಸಿರಾಡದೆ ಸಿಪ್ಪೆ ಬಿಡಿಸಿದರು. ಸುಂಕೇಶ ಅರ್ಧದವರೆಗೆ ಒಂದೇ ತುಂಡಾಗಿ ಬಿಡಿಸಿ, "ನೋಡ್ರೋ, ನೋಡ್ರೋ!" ಎಂದು ಮೇಲೆತ್ತಿದ. ಮೊಟ್ಟೆ ಅವನ ಬೆರಳಿನಿಂದ ಪುಳಕ್ಕನೆ ಜಾರಿ, ನೆಲದ ಮೇಲೆ ಒಂದು ಸಲ ಪುಟಿದು, ಸಾಂಬಾರಿನ ಬಕೆಟ್ಟಿಗೆ ಬಿತ್ತು.

"ಒರೇ ಸುಂಕೇಶಾ!" ಅಡುಗೆಯ ಆಂಟಿ ಸೌಟು ಎತ್ತಿಕೊಂಡು ಬಂದಳು. ಅಷ್ಟರಲ್ಲಿ ಅವಳ ಮುಖದ ಮೇಲೂ ಎರಡು ಹನಿ ಸಾಂಬಾರು ಇತ್ತು. ಇಡೀ ಸಾಲು ಹೊಟ್ಟೆ ಹಿಡಿದು ನಕ್ಕಿತು. ಕೊನೆಗೆ ಆಂಟಿಯೂ ನಕ್ಕಳು. ತಾನು ಬಿಡಿಸಿದ ಒಂದು ಮುಷ್ಟಿ ಸಿಪ್ಪೆಯನ್ನೂ ಕೊಟ್ಟಳು.

ನಲ್ಲಿಯ ಹತ್ತಿರ ನಾಗಜ್ಯೋತಿ ಸಿಪ್ಪೆಗಳನ್ನು ಭುವನಾಳ ಮುಂದೆ ಹಿಡಿದಳು. "ತೊಳಿ."

ಭುವನಾ ಕೈ ಚಾಚಿ, ಹಿಂದೆಳೆದುಕೊಂಡಳು. ಮತ್ತೆ ಚಾಚಿದಳು. ಬೆರಳ ತುದಿಯಿಂದ ಒಂದೇ ಒಂದು ಚೂರು ಎತ್ತಿದಳು. ತುಂಬ ಹಗುರ. ಸೀಮೆಸುಣ್ಣದ ಹಾಗಿತ್ತು.

"ಕಚ್ಚಲಿಲ್ಲಲ್ಲ?" ನಾಗಜ್ಯೋತಿ ಕೇಳಿದಳು.

"ಇಲ್ಲ," ಎಂದು ಭುವನಾ ಕಿಸಕ್ಕನೆ ನಕ್ಕಳು.

ನಾಲ್ಕು ದಿನ ತೊಳೆದರು. ಕಿಟಕಿಯ ಕಟ್ಟೆಯ ಮೇಲೆ ಬಿಸಿಲಿಗೆ ಒಣಗಿಸಿದರು. ಶನಿವಾರ ಶಾಲೆಯ ಹಿಂದಿನ ಚಪ್ಪಡಿಯ ಮೇಲೆ ಗುಂಡುಕಲ್ಲಿನಿಂದ ಅರೆದು, ನಾಗಜ್ಯೋತಿಯ ಕರ್ಚೀಫಿನಲ್ಲಿ ಸೋಸಿದರು. ಹಿಟ್ಟಿನ ಹಾಗೆ ಬಿಳಿ ಪುಡಿ. ಒಂದು ಪ್ಲಾಸ್ಟಿಕ್ ಡಬ್ಬಿ ತುಂಬಿತು.

ಈಗ ಅದನ್ನು ಇಡುವುದೆಲ್ಲಿ? ಮನೆಯೊಳಗೆ ತರಬಾರದು. ಹಿತ್ತಲಲ್ಲಿ ಅಜ್ಜಿ ಪೊರಕೆ ಹಿಡಿದು ದಿನಕ್ಕೆ ಎರಡು ಸಲ ಸುತ್ತುತ್ತಾಳೆ. ಮುಂಬಾಗಿಲ ಪಕ್ಕದ ಗೋಡೆಯಲ್ಲಿ ದೀಪ ಇಡುವ ಗೂಡು ಇತ್ತು. ಗೂಡು ಮನೆಯ ಒಳಗಲ್ಲ, ಪೂರ್ತಿ ಹೊರಗೂ ಅಲ್ಲ. ಭುವನಾ ಡಬ್ಬಿಯನ್ನು ಅದರ ಮೂಲೆಗೆ ತಳ್ಳಿದಳು. ನಾಳೆ ಭಾನುವಾರ. ಅಜ್ಜಿ ಪೂಜೆಗೆ ಕೂತಾಗ ಕ್ವಿಂಟಾಲ್‌ಗೆ ತಿನ್ನಿಸಿಬಿಟ್ಟರಾಯಿತು.

ಆ ಗೂಡಿನಲ್ಲಿ ಇನ್ನೊಂದು ಡಬ್ಬಿಯೂ ಇತ್ತು. ಅದನ್ನು ಅವಳು ದಿನಾ ನೋಡುತ್ತಿದ್ದಳು. ದಿನಾ ನೋಡುವುದರಿಂದಲೇ ಇರಬೇಕು, ಅವತ್ತು ನೆನಪಾಗಲಿಲ್ಲ.

* * *

"ಭುವೀ! ಏ ಭುವೀ! ಲಗೂನ ಬಾ! ನೋಡ್ರಿ, ಎಲ್ಲಾರೂ ಬರ್ರಿ!"

ಅಜ್ಜಿ ಇಷ್ಟು ಜೋರಾಗಿ ಕೂಗಿದ್ದನ್ನು ಭುವನಾ ಕೇಳಿಯೇ ಇರಲಿಲ್ಲ. ಹಾಸಿಗೆಯಿಂದ ಹಾರಿ, ಒಂದು ಜಡೆ ಬಿಚ್ಚಿಕೊಂಡೇ ಓಡಿದಳು.

ಬೆಳಗಿನ ಬಿಸಿಲು ಮೊದಲು ಬೀಳುವುದು ಮುಂಬಾಗಿಲಿಗೆ. ಅಜ್ಜಿಯೇ ದಿನಾ ಕ್ವಿಂಟಾಲ್‌ನನ್ನು ಬುಟ್ಟಿಯಲ್ಲಿ ತಂದು ಅಲ್ಲಿ ಬಿಡುತ್ತಿದ್ದಳು. ಇವತ್ತೂ ಬಿಟ್ಟಿದ್ದಳು. ಅಂಗಳದಲ್ಲಿ ಎಂಟು ಎಸಳಿನ ತಾವರೆಯ ರಂಗೋಲಿ. ಅದರ ನಡುವೆ ಕ್ವಿಂಟಾಲ್. ಕತ್ತು ಚಾಚಿ, ಕಣ್ಣು ಅರೆಮುಚ್ಚಿ, ಚಪ್ ಚಪ್ ಎಂದು ರಂಗೋಲಿ ತಿನ್ನುತ್ತಿತ್ತು. ಮೂಗು ಬೆಳ್ಳಗಾಗಿತ್ತು.

"ಎಂಟು ಎಸಳಿನ ತಾವರಿ ಈಗ ಐದು ಎಸಳಾತು!" ತಾತ ಚಪ್ಪಾಳೆ ಹೊಡೆದ.

"ಡಾಕ್ಟರಮ್ಮನ ಪುಡಿ ಬ್ಯಾಡಂತ, ನನ್ನ ರಂಗೋಲಿ ಬೇಕಂತ!" ಅಜ್ಜಿಯ ಮುಖ ಅರಳಿತ್ತು. "ನಾ ಬೇಡಿಕೊಂಡಿದ್ದು ಬಸವಣ್ಣಗ ಕೇಳಿಸೇತಿ. ರಂಗೋಲಿ ಡಬ್ಬಿ ಖಾಲಿ ಆಗಿತ್ತು, ಗೂಡಿನಾಗ ಕೈ ಹಾಕಿದ್ರ ಇನ್ನೊಂದು ಡಬ್ಬಿ ಸಿಗಬೇಕೇನು! ಹಿಟ್ಟಿನಂಗ ನುಣ್ಣಗ ಐತಿ!"

ಭುವನಾ ಗೂಡಿನ ಕಡೆ ನೋಡಿದಳು. ಅವಳ ಡಬ್ಬಿಯ ಮುಚ್ಚಳ ತೆರೆದಿತ್ತು.

ಅವಳಿಗೆ ಹೆದರಿಕೆಯೂ ಆಯಿತು, ನಗುವೂ ಬಂತು. ಎರಡೂ ಸೇರಿ ಬಿಕ್ಕಳಿಕೆ ಬಂತು. ಕ್ವಿಂಟಾಲ್ ತಿನ್ನುತ್ತಿದೆ! ಅಜ್ಜಿಗೆ ಗೊತ್ತಾಗಿಲ್ಲ! ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲವೂ ಎಷ್ಟು ಚೆಂದ!

"ಇನ್ನ ಮ್ಯಾಗ ದಿನಾ ಇವನಿಗೆ ಒಂದೊಂದು ಹಿಡಿ ಹಾಕ್ತೀನಿ," ಅಜ್ಜಿ ಒಳಗೆ ಹೋಗುತ್ತಾ ಹೇಳಿದಳು. "ಕ್ವಾಣ್ಯಾಗ ಐದು ಕೇಜಿ ರಂಗೋಲಿ ಪ್ಯಾಕೆಟ್ ಐತಿ. ಬೇಕಾದಷ್ಟು ತಿನ್ಲಿ ನನ್ನ ರಾಜ."

ಭುವನಾಳ ಬಿಕ್ಕಳಿಕೆ ನಿಂತುಹೋಯಿತು.

ಆ ಪ್ಯಾಕೆಟ್ಟಿನಲ್ಲಿರುವುದು ಕಲ್ಲಿನ ಪುಡಿ. ಕಲ್ಲು, ಮರಳು ಹೊಟ್ಟೆಗೆ ಹೋದರೆ ಅಲ್ಲೇ ಕಟ್ಟಿಕೊಳ್ಳುತ್ತದೆ ಎಂದು ಡಾಕ್ಟರಕ್ಕ ಮೊದಲ ದಿನವೇ ಹೇಳಿದ್ದಳು.

ಅಜ್ಜಿ ಪ್ಯಾಕೆಟ್ ತಂದಳು. ಹಲ್ಲಿನಿಂದ ಮೂಲೆ ಹರಿದಳು. ಕ್ವಿಂಟಾಲ್‌ನ ಮುಂದೆ ಬಗ್ಗಿದಳು.

"ಹಾಕಬ್ಯಾಡ ಅಜ್ಜಿ!"

"ಯಾಕ?"

"ಅದು ಕಲ್ಲಿನ ಪುಡಿ."

"ಮತ್ತ ಅವ ತಿನ್ನಾಕತ್ತಿದ್ದು?"

ಭುವನಾ ತನ್ನ ಕಾಲ್ಬೆರಳು ನೋಡಿಕೊಂಡಳು. "ಅದು ರಂಗೋಲಿ ಅಲ್ಲ ಅಜ್ಜಿ. ತತ್ತಿ ಸಿಪ್ಪಿ. ನಾನೇ ಮಾಡಿಟ್ಟಿದ್ದು."

ತಾತನ ಚಪ್ಪಾಳೆ ಅರ್ಧಕ್ಕೆ ನಿಂತಿತು. ಮಹಡಿಯ ಮೆಟ್ಟಿಲ ಮೇಲೆ ಬ್ರಶ್ ಬಾಯಲ್ಲಿಟ್ಟುಕೊಂಡು ನಿಂತಿದ್ದ ಡಾಕ್ಟರಕ್ಕ, ನೊರೆಯ ಸಮೇತ, "ದೇವರಾಣೆ ನಾನು ಹೇಳಿಕೊಟ್ಟಿಲ್ಲ, ಅಜ್ಜಿ!" ಎಂದಳು.

ಅಜ್ಜಿ ತನ್ನ ಬಲಗೈ ನೋಡಿಕೊಂಡಳು. ಹೆಬ್ಬೆರಳು, ತೋರುಬೆರಳು ಇನ್ನೂ ಬೆಳ್ಳಗಿದ್ದವು.

ನಲ್ಲಿಗೆ ಹೋಗಿ ಕೈ ತೊಳೆದಳು. ಮತ್ತೆ ತೊಳೆದಳು. ಮೂರನೇ ಸಲವೂ ತೊಳೆದಳು. ಬಕೆಟ್ ತುಂಬ ನೀರು ಹಿಡಿದು ಅಂಗಳಕ್ಕೆ ಬಂದಳು.

ಕ್ವಿಂಟಾಲ್ ಆರನೇ ಎಸಳಿನಲ್ಲಿತ್ತು.

ಅಜ್ಜಿ ಬಕೆಟ್ ಎತ್ತಿದಳು. ಭುವನಾ ಕಣ್ಣು ಮುಚ್ಚಿಕೊಂಡಳು. ನೀರು ಬೀಳುವ ಸದ್ದು ಬರಲಿಲ್ಲ. ಚಪ್ ಚಪ್ ಎಂಬ ಸದ್ದೇ ಬರುತ್ತಿತ್ತು. ಒಂದು ಕಣ್ಣು ತೆರೆದು ನೋಡಿದಳು. ಅಜ್ಜಿ ಭಾರದ ಬಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತೇ ಇದ್ದಳು.

ಆರನೇ ಎಸಳು ಮುಗಿಯಿತು. ಏಳನೆಯದು. ಎಂಟನೆಯದರ ಕೊನೆಯ ಚುಕ್ಕಿಯನ್ನೂ ನೆಕ್ಕಿ, ಕ್ವಿಂಟಾಲ್ ತಿರುಗಿ ಬಾಲ ತೋರಿಸಿತು.

ಆಮೇಲೆ ಅಜ್ಜಿ ನೀರು ಹಾಕಿದಳು.

ಅವತ್ತೆಲ್ಲ ಅವಳು ಭುವನಾಳ ಜೊತೆ ಮಾತಾಡಲಿಲ್ಲ. ರೊಟ್ಟಿ ಬಡಿಸಿದಳು, ತುಪ್ಪ ಹಾಕಿದಳು, ಮಾತು ಮಾತ್ರ ಇಲ್ಲ. ಸಂಜೆ ಜಡೆ ಹಾಕಲು ಕೂರಿಸಿಕೊಂಡಾಗ, ಕೂದಲನ್ನು ಸ್ವಲ್ಪ ಬಿಗಿಯಾಗಿಯೇ ಎಳೆದು ಕೇಳಿದಳು:

"ನೀನೂ ತಿಂದಿ?"

"ಇಲ್ಲ ಅಜ್ಜಿ. ಮುಟ್ಟಿದೆ ಅಷ್ಟ."

"ಹೂಂ."

"ಸಿಟ್ಟು ಐತೇನು?"

"ಐತಿ. ಅಲ್ಲಾಡಬ್ಯಾಡ. ಒಂದೇ ನಿಮಿಷ."

* * *

ಮರುದಿನ ಬೆಳಿಗ್ಗೆ ಹಿತ್ತಲ ತುದಿಯಲ್ಲಿ, ಕಾಂಪೌಂಡ್ ಗೋಡೆಯಿಂದ ಒಂದು ಹೆಜ್ಜೆ ಈಚೆಗೆ, ಉದ್ದಕ್ಕೆ ಒಂದು ರಂಗೋಲಿ ಗೆರೆ ಇತ್ತು. ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಈ ಗೆರಿ ಆಚಿಗೆ ನಿನ್ನ ಪುಡಿ. ಈಚಿಗೆ ನನ್ನ ಮನಿ. ತಿಳೀತೋ ಇಲ್ಲೋ?"

ಭುವನಾಳಿಗೆ ತಿಳಿಯಿತು. ಕ್ವಿಂಟಾಲ್‌ಗೆ ತಿಳಿಯಲಿಲ್ಲ. ಅದು ಆಚೆ ಹೋಗಿ ಪುಡಿ ತಿಂದು, ಬಿಳಿ ಮೂತಿ ಮಾಡಿಕೊಂಡು ಸೀದಾ ಗೆರೆ ದಾಟಿ ಬರುತ್ತಿತ್ತು.

"ಏಯ್! ಬಾಯಿ ತೊಳಕೊಂಡು ಬಾರೋ!" ಎಂದು ಅಜ್ಜಿ ಒದ್ದೆ ಬಟ್ಟೆ ಹಿಡಿದು ಅಡ್ಡ ನಿಲ್ಲುತ್ತಿದ್ದಳು. ಕ್ವಿಂಟಾಲ್ ಕತ್ತು ಚಾಚಿ ಒರೆಸಿಸಿಕೊಳ್ಳುತ್ತಿತ್ತು. ನಾಗಜ್ಯೋತಿ, ಸುಂಕೇಶ, ಅರ್ಧ ಕ್ಲಾಸು, ಇದನ್ನು ನೋಡಲೆಂದೇ ಬರತೊಡಗಿದರು. ದೊಡ್ಡ ಸಿಪ್ಪೆ ತಂದವರಿಗೆ ಫಸ್ಟ್ ಚಾನ್ಸ್.

ಮೊದಲ ಭಾನುವಾರ ನಾಲ್ಕುನೂರಾ ಹನ್ನೆರಡು. ಆಮೇಲೆ ನಾಲ್ಕುನೂರಾ ಇಪ್ಪತ್ತು. ನಾಲ್ಕುನೂರಾ ಮೂವತ್ತಾರು ಆದ ದಿನ ತಾತ ಪಡಸಾಲೆಯಲ್ಲಿ ಕಾಟಾ ಎತ್ತಿಕೊಂಡು ಕುಣಿದ. ಕರ್ನೂಲಿನ ಔಷಧಿ ಬಂತು. ಕ್ವಿಂಟಾಲ್ ಅದಕ್ಕೂ ಬಾಲ ತೋರಿಸಿತು.

ಎರಡು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಡಾಕ್ಟರಕ್ಕ ಕ್ವಿಂಟಾಲ್‌ನ ಹೊಟ್ಟೆಯ ಮೇಲೆ ಉಗುರಿನಿಂದ ಬಡಿದಳು. ಟಕ್ ಟಕ್.

"ಇನ್ನೊಂದು ಸಲ, ಅಕ್ಕಾ!"

ಟಕ್ ಟಕ್ ಟಕ್. ಭುವನಾ ಹಿತ್ತಲ ಸುತ್ತ ಮೂರು ರೌಂಡ್ ಓಡಿ ಬಂದಳು. ಕರಿಬೇವಿನ ಗಿಡಕ್ಕೆ ಡಿಕ್ಕಿ ಹೊಡೆದಳು. ಏದುಸಿರು ಬಿಡುತ್ತಾ ಕೇಳಿದಳು:

"ಇನ್ನ ಉಬ್ಬು ಯಾವಾಗ ಹೋಗ್ತಾವ?"

"ಉಬ್ಬಾ? ಅವು ಹೋಗಲ್ಲಮ್ಮಾ."

"ಯಾವತ್ತೂ?"

"ಯಾವತ್ತೂ. ಹಳೇದು ಹಂಗೇ ಇರ್ತದೆ. ಇಲ್ಲಿ ನೋಡು." ಡಾಕ್ಟರಕ್ಕ ಎರಡು ಉಬ್ಬುಗಳ ನಡುವೆ ಬೆರಳು ತೋರಿಸಿದಳು. ಅಲ್ಲಿ ತೆಳ್ಳಗೆ, ತಿಳಿ ಬಣ್ಣದ ಗೆರೆಯೊಂದಿತ್ತು. "ಇದು ಹೊಸದು. ಅಂಚಿನಲ್ಲಿ ಬೆಳೀತಾ ಇದೆ. ಸಪಾಟಾಗಿ. ಇನ್ನೊಂಚೂರು ಅಗಲ ಆದಮೇಲೆ ಅರಣ್ಯ ಇಲಾಖೆಯವರಿಗೆ ಹೇಳೋಣ."

ಡಾಕ್ಟರಕ್ಕ ಆಸ್ಪತ್ರೆಗೆ ಹೋದಳು. ಭುವನಾ ಪುಡಿಯ ಡಬ್ಬಿ ಹಿಡಿದು ನಿಂತಳು. ಕ್ವಿಂಟಾಲ್ ಲಾಡುವಿನ ಹಾಗೆ ಗುಂಡಗಾಗುತ್ತದೆ ಎಂದುಕೊಂಡಿದ್ದಳು. ಇಷ್ಟು ದಿನ ಸಿಪ್ಪೆ ಅರೆದದ್ದಕ್ಕೆ ಬಂದದ್ದು ಇಷ್ಟೇ ಇಷ್ಟು ಗೆರೆ.

ಅವಳು ಪುಡಿ ಹಾಕಲು ಗೋಡೆಯ ಕಡೆ ಹೊರಟಳು. ಹೊರಟವಳು ನಿಂತಳು.

ಅಜ್ಜಿ ದಿನಾ ಕಸ ಗುಡಿಸಿ ಹೊಸದಾಗಿ ಎಳೆಯುವ ರಂಗೋಲಿ ಗೆರೆ ಗೋಡೆಯ ಹತ್ತಿರ ಇರಲಿಲ್ಲ. ಕರಿಬೇವಿನ ಗಿಡದ ಆಚೆಗಿದ್ದದ್ದು ಈಗ ಗಿಡದ ಈಚೆಗಿತ್ತು. ಹಿತ್ತಲ ಬಾಗಿಲ ಹತ್ತಿರದ ಬಟ್ಟೆ ಒಗೆಯುವ ಕಲ್ಲಿಗೆ ಹೆಚ್ಚುಕಡಿಮೆ ತಾಗುವ ಹಾಗಿತ್ತು. ಯಾವತ್ತು ಇಲ್ಲಿಗೆ ಬಂತು? ಒಂದೇ ದಿನ ಬಂದದ್ದಲ್ಲ. ಒಂದೇ ದಿನ ಬಂದಿದ್ದರೆ ಅವಳಿಗೆ ಕಾಣುತ್ತಿತ್ತು.

ಹಿತ್ತಲ ಬಾಗಿಲಲ್ಲಿ ಅಜ್ಜಿ ಒದ್ದೆ ಬಟ್ಟೆ ಹಿಡಿದು ನಿಂತಿದ್ದಳು.

"ಏನ ನೋಡಾಕತ್ತಿ?"

"ಏನಿಲ್ಲ ಅಜ್ಜಿ."

"ಆ ಗ್ವಾಡಿ ಕಡಿ ನೆಳ್ಳು ಬೀಳ್ತತಿ, ಅದಕ್ಕ." ಅಜ್ಜಿ ಆಕಾಶ ನೋಡಿದಳು. "ಅವನಿಗೆ ಬಿಸಿಲು ಬೇಕಲ್ಲ."

"ಹೌದು ಅಜ್ಜಿ."

ಭುವನಾ ಗೆರೆಯ ಆಚೆ ಕೂತು, ಒಂದು ಚಿಟಿಕೆ ಪುಡಿ ಹಾಕಿದಳು. ಕ್ವಿಂಟಾಲ್ ಓಡಿ ಬಂತು. ಅಂದರೆ, ಅದು ಓಡುವುದು ಎಷ್ಟೋ ಅಷ್ಟು. ಅದು ತಿನ್ನುವಾಗ ಅವಳು ಉಬ್ಬುಗಳ ನಡುವಿನ ಹೊಸ ಗೆರೆಯ ಮೇಲೆ ಬೆರಳಿಟ್ಟಳು. ನೂಲಿನಷ್ಟೇ ಅಗಲ. ನುಣ್ಣಗಿತ್ತು. ಬಿಸಿಲಿಗೆ ಬೆಚ್ಚಗೂ ಇತ್ತು.